ಲ್ಯಾಪ್‌ಟಾಪ್‌ನಲ್ಲಿ ಓಡುವ ಆಪರೇಟರ್ ಕ್ಲಸ್ಟರ್ ಒಳಗೆ ಹೋದರೆ ಬೀಳುತ್ತೆ: ನಿಮ್ಮ ಲೋಕಲ್ ಸೆಟಪ್ ಹೇಗಿದೆ?

ಹೊಸ_ಅಂಬಿಗ · ಮಂಗಳವಾರ, ರಾತ್ರಿ 10:12

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಪ್ರಶ್ನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಆಫೀಸಿನಲ್ಲಿ ಹೊಸ ತಂಡಕ್ಕೆ ಕುಬರ್ನೆಟಿಸ್‌ನಲ್ಲಿ (ಯಂತ್ರಗಳ ಗುಂಪಿನ, ಅಂದರೆ ಕ್ಲಸ್ಟರ್‌ನ, ಮೇಲೆ ಕಂಟೇನರ್ ಓಡಿಸುವ ವ್ಯವಸ್ಥೆ) ಜಾಗ ಬೇಕು ಅಂದರೆ ಟಿಕೆಟ್ ಹಾಕಬೇಕು. ಆಮೇಲೆ ನಮ್ಮಲ್ಲಿ ಯಾರಾದರೂ ಒಂದು ಹಳೇ ಶೆಲ್ ಸ್ಕ್ರಿಪ್ಟ್ ಓಡಿಸುತ್ತೇವೆ. ನೇಮ್‌ಸ್ಪೇಸ್ (ತಂಡದ ಪ್ರತ್ಯೇಕ ಜಾಗ), ಕೋಟಾ (ಸಿಪಿಯು ಇತ್ಯಾದಿಗೆ ಮಿತಿ), ನೆಟ್‌ವರ್ಕ್ ಪಾಲಿಸಿ (ಯಾವ ಟ್ರಾಫಿಕ್ ಬಿಡಬೇಕು ಅನ್ನುವ ನಿಯಮ), ತಂಡದವರಿಗೆ ಎಡಿಟ್ ಅನುಮತಿ ಕೊಡುವ ರೋಲ್‌ಬೈಂಡಿಂಗ್, ಇಷ್ಟೇ ಕೆಲಸ. ಆದರೆ ಸ್ಕ್ರಿಪ್ಟ್ ಓಡಿಸುವವರು ರಜೆಯಲ್ಲಿದ್ದರೆ ಮೂರು ದಿನ ಕಾಯಬೇಕು. ಇದನ್ನು ಆಪರೇಟರ್ (ಕ್ಲಸ್ಟರ್ ಮೇಲೆ ಕಣ್ಣಿಟ್ಟು ಇಂಥ ಕೆಲಸ ತಾನೇ ಮಾಡುವ ಪ್ರೋಗ್ರಾಂ) ಮಾಡೋಣ ಅಂತ ಕುಬೆಬಿಲ್ಡರ್ (ಆಪರೇಟರ್ ಬರೆಯಲು ಚೌಕಟ್ಟು ಕೊಡುವ ಟೂಲ್) ಹಿಡಿದು ಗೋ ಭಾಷೆಯಲ್ಲಿ ಶುರು ಮಾಡಿದೆ. "ತಂಡ" ಅಂತ ಒಂದು ಕಸ್ಟಮ್ ರಿಸೋರ್ಸ್ (ಕುಬರ್ನೆಟಿಸ್‌ಗೆ ನಾವೇ ಸೇರಿಸುವ ಹೊಸ ಜಾತಿಯ ವಸ್ತು). ಅದನ್ನು ಅಪ್ಲೈ ಮಾಡಿದರೆ ಉಳಿದದ್ದೆಲ್ಲ ತಾನಾಗಿ ಆಗಬೇಕು.

ಲ್ಯಾಪ್‌ಟಾಪ್‌ನಲ್ಲಿ ಕೈಂಡ್ ಕ್ಲಸ್ಟರ್ (ಒಂದೇ ಯಂತ್ರದಲ್ಲಿ ಓಡುವ ಪುಟ್ಟ ಕುಬರ್ನೆಟಿಸ್) ಇದೆ. "ಮೇಕ್ ರನ್" ಕೊಟ್ಟರೆ ಆಪರೇಟರ್ ಕ್ಲಸ್ಟರ್ ಹೊರಗೆ, ಲ್ಯಾಪ್‌ಟಾಪ್‌ನಲ್ಲೇ ಬೆಣ್ಣೆಯ ಹಾಗೆ ಓಡುತ್ತೆ. ಅದನ್ನೇ "ಮೇಕ್ ಡಿಪ್ಲಾಯ್" ಮಾಡಿ ಕ್ಲಸ್ಟರ್ ಒಳಗೆ ಇಟ್ಟರೆ ಮೊದಲು ಇಮೇಜ್‌ಪುಲ್‌ಬ್ಯಾಕ್‌ಆಫ್ (ಇಮೇಜ್, ಅಂದರೆ ಪ್ರೋಗ್ರಾಂ ತುಂಬಿದ ಪ್ಯಾಕೇಜ್, ಸಿಗಲಿಲ್ಲ ಅನ್ನುವ ಎರರ್). ಏನೋ ಒದ್ದಾಡಿ ಪಾಡ್ (ಕ್ಲಸ್ಟರ್ ಒಳಗೆ ಓಡುವ ಕಂಟೇನರ್) ಏಳಿಸಿದೆ, ಈಗ ಫರ್ಬಿಡನ್ (ಅನುಮತಿ ಇಲ್ಲ) ಅಂತ ಬೈಯುತ್ತಿದೆ. ಒಂದು ಸಾಲು ಬದಲಿಸಿ ನೋಡೋಕೆ ನಾಲ್ಕೈದು ನಿಮಿಷ ಬಿಲ್ಡ್ ಕಾಯಬೇಕು. ದಿನಕ್ಕೆ ಹತ್ತು ಸಲ ಕಾಫಿ ಕುಡಿದರೂ ಬಿಲ್ಡ್ ಮುಗಿದಿರಲ್ಲ.

ನೀವೆಲ್ಲ ಇದನ್ನು ಲೋಕಲ್‌ನಲ್ಲಿ ಹೇಗೆ ಮಾಡುತ್ತೀರಿ?

---

ಕಡಲತಡಿ · ರಾತ್ರಿ 10:31

ಇಮೇಜ್ ಕಥೆ ಮೊದಲು ಮುಗಿಸುವ. ಟ್ಯಾಗ್ ಏನು ಕೊಟ್ಟಿದ್ದೀರಿ ಮಾರಾಯ್ರೆ? ಕುಬೆಬಿಲ್ಡರ್ ಕೊಡುವ ಮೇಕ್‌ಫೈಲ್‌ನಲ್ಲಿ ಹೆಸರು "ಕಂಟ್ರೋಲರ್:ಲೇಟೆಸ್ಟ್" ಅಂತಲೇ ಉಂಟು. ಟ್ಯಾಗ್ ಲೇಟೆಸ್ಟ್ ಆಗಿದ್ದು ಪುಲ್ ಪಾಲಿಸಿ ನೀವು ಬರೆಯದೇ ಇದ್ದರೆ, ಕುಬರ್ನೆಟಿಸ್ ಅದನ್ನು "ಆಲ್ವೇಸ್" ಅಂತ ಹಿಡಿಯುತ್ತದೆ. ಅಂದರೆ ಪ್ರತಿ ಸಲ ರಿಜಿಸ್ಟ್ರಿಗೆ ಓಡುತ್ತದೆ. ಅಲ್ಲಿ ನಿಮ್ಮ ಇಮೇಜ್ ಎಲ್ಲಿಂದ ಬರಬೇಕು?

ಎರಡನೆಯದು, ಕೈಂಡ್‌ನ ನೋಡ್ (ಕ್ಲಸ್ಟರ್‌ನ ಒಂದು ಯಂತ್ರ) ಅಂದರೆ ಅದೇ ಒಂದು ಡಾಕರ್ ಕಂಟೇನರ್. ಅದರ ಹೊಟ್ಟೆಯೊಳಗೆ ಬೇರೆಯೇ ಕಂಟೇನರ್‌ಡಿ (ಕಂಟೇನರ್ ಓಡಿಸುವ ಪ್ರೋಗ್ರಾಂ) ಕೂತಿದೆ. ನಿಮ್ಮ ಲ್ಯಾಪ್‌ಟಾಪಿನ ಡಾಕರ್‌ನಲ್ಲಿ ಇರುವ ಇಮೇಜ್ ಅದಕ್ಕೆ ಕಾಣುವುದಿಲ್ಲ. "ಕೈಂಡ್ ಲೋಡ್ ಡಾಕರ್-ಇಮೇಜ್" ಅಂತ ಕೊಟ್ಟು ಒಳಗೆ ತಳ್ಳಬೇಕು. ಕ್ಲಸ್ಟರ್‌ಗೆ ಬೇರೆ ಹೆಸರು ಇಟ್ಟಿದ್ದರೆ ಆ ಹೆಸರನ್ನೂ ಕೊಡಿ, ಇಲ್ಲದಿದ್ದರೆ "ಕೈಂಡ್" ಅನ್ನುವ ಕ್ಲಸ್ಟರ್ ಹುಡುಕಿ ಸಿಗಲಿಲ್ಲ ಅನ್ನುತ್ತದೆ.

ನಾನು ಟ್ಯಾಗ್ ಜಾಗದಲ್ಲಿ ಗಿಟ್ ಕಮಿಟ್‌ನ ಮೊದಲ ಏಳು ಅಕ್ಷರ ಮತ್ತು ಸಮಯ ಸೇರಿಸಿ ಇಡುತ್ತೇನೆ. ಅದೇ ಟ್ಯಾಗ್ ಮತ್ತೆ ಮತ್ತೆ ಇಟ್ಟರೆ ಡಿಪ್ಲಾಯ್‌ಮೆಂಟ್‌ಗೆ (ಪಾಡ್‌ಗಳನ್ನು ಏಳಿಸಿ ನೋಡಿಕೊಳ್ಳುವ ವಸ್ತು) ಏನೂ ಬದಲಾಗಿಲ್ಲ ಅಂತಲೇ ಅನಿಸುತ್ತದೆ, ಹಳೇ ಪಾಡ್ ಹಾಗೇ ಕೂತಿರುತ್ತದೆ. ಅರ್ಧ ದಿನ ಹಳೇ ಕೋಡ್‌ನ ಲಾಗ್ ನೋಡಿ ತಲೆ ಕೆರೆದುಕೊಂಡವ ನಾನು.

(ಇಲ್ಲಿ ಕಮಾಂಡ್ ಎಲ್ಲ ಕನ್ನಡ ಅಕ್ಷರದಲ್ಲೇ ಬರೆಯುವುದು ನಮ್ಮ ಅಭ್ಯಾಸ. ಟರ್ಮಿನಲ್‌ನಲ್ಲಿ ಹೀಗೇ ಹೊಡೆದು ಮತ್ತೆ ನನ್ನನ್ನು ಬೈಯಬೇಡಿ.)

---

ರಾತ್ರಿಪಾಳಿ · ರಾತ್ರಿ 11:05

ಇಮೇಜ್ ಬಿಡಿ, ಅದು ಒಂದು ಸಲ ಕಚ್ಚುತ್ತೆ, ಆಮೇಲೆ ಮರೆತೇ ಹೋಗುತ್ತೆ. ನಿಜವಾದ ವಿಷಯ ಆ ಫರ್ಬಿಡನ್‌ನಲ್ಲಿದೆ.

"ಮೇಕ್ ರನ್" ಮಾಡಿದಾಗ ನಿಮ್ಮ ಆಪರೇಟರ್ ಯಾರ ಹೆಸರಲ್ಲಿ ಓಡುತ್ತಿದೆ ಅಂತ ಯೋಚಿಸಿದ್ದೀರಾ? ಅದು ನಿಮ್ಮ ಕ್ಯೂಬ್‌ಕಾನ್ಫಿಗ್ (ಯಾವ ಕ್ಲಸ್ಟರ್, ಯಾವ ಯೂಸರ್ ಅಂತ ಹೇಳುವ ಫೈಲ್) ಎತ್ತಿಕೊಳ್ಳುತ್ತೆ. ಕೈಂಡ್‌ನಲ್ಲಿ ನೀವು ಕ್ಲಸ್ಟರ್‌ಗೆ ಯಜಮಾನರು. ಏನು ಕೇಳಿದರೂ ಆಗುತ್ತೆ. ಒಳಗೆ ಹೋದ ಮೇಲೆ ಅದು ಸರ್ವಿಸ್ ಅಕೌಂಟ್ (ಪ್ರೋಗ್ರಾಂಗಳಿಗೆ ಅಂತ ಇರುವ ಖಾತೆ) ಹೆಸರಲ್ಲಿ ಓಡುತ್ತೆ. ಅದಕ್ಕೆ ನೀವು ಬರೆದುಕೊಟ್ಟಷ್ಟೇ ಅಧಿಕಾರ. ಅಂದರೆ ಇಷ್ಟು ದಿನ ನೀವು ಪರೀಕ್ಷೆ ಮಾಡಿದ್ದು ಆಪರೇಟರನ್ನಲ್ಲ, ಆಪರೇಟರ್ ವೇಷದ ನಿಮ್ಮನ್ನೇ.

ಎರರ್ ಪೂರ್ತಿ ಹಾಕಿ.

---

ಹೊಸ_ಅಂಬಿಗ · ರಾತ್ರಿ 11:20

ಹಾಕುತ್ತೇನೆ. ನೇಮ್‌ಸ್ಪೇಸ್, ಕೋಟಾ ಎರಡೂ ಆಗಿದೆ. ರೋಲ್‌ಬೈಂಡಿಂಗ್ ಹತ್ತಿರ ನಿಂತಿದೆ. ಸಾರಾಂಶ ಇಷ್ಟು: ಈ ಸರ್ವಿಸ್ ಅಕೌಂಟ್ ತನ್ನ ಬಳಿ ಸದ್ಯ ಇಲ್ಲದ ಅನುಮತಿಗಳನ್ನು ಕೊಡಲು ನೋಡುತ್ತಿದೆ. ಅದರ ಕೆಳಗೆ ಪಾಡ್ಸ್, ಸೀಕ್ರೆಟ್ಸ್, ಡಿಪ್ಲಾಯ್‌ಮೆಂಟ್ಸ್ ಅಂತ ಒಂದು ಪುಟದಷ್ಟು ಪಟ್ಟಿ.

ನನಗೆ ಅರ್ಥ ಆಗದ್ದು ಇದು: ರೋಲ್‌ಬೈಂಡಿಂಗ್ ಕ್ರಿಯೇಟ್ ಮಾಡುವ ಅನುಮತಿ ಮಾರ್ಕರ್‌ನಲ್ಲಿ (ಕೋಡ್‌ನ ವಿಶೇಷ ಕಾಮೆಂಟ್ ಸಾಲು) ಬರೆದಿದ್ದೇನೆ. ಅದರಿಂದ ಅನುಮತಿ ಫೈಲ್ ಮಾಡುವ "ಮೇಕ್ ಮ್ಯಾನಿಫೆಸ್ಟ್ಸ್" ಕೂಡ ಓಡಿಸಿದೆ. ಫೈಲ್ ತೆರೆದು ನೋಡಿದೆ, ಸಾಲು ಇದೆ.

---

ರಾತ್ರಿಪಾಳಿ · ರಾತ್ರಿ 11:38

ನಾನು ಅಂದುಕೊಂಡದ್ದೇ. ಇದು ಬರೀ ಕ್ರಿಯೇಟ್ ಅನುಮತಿಯಿಂದ ಹೋಗಲ್ಲ.

ನಿಮ್ಮ ಮನೆ ಬೀಗದ ಕೈ ನನ್ನ ಹತ್ತಿರ ಇಲ್ಲ. ಆದರೂ ಅದನ್ನು ಪಕ್ಕದ ಮನೆಯವರಿಗೆ ಕೊಡುತ್ತೇನೆ ಅಂದರೆ ಹೇಗೆ? ಕುಬರ್ನೆಟಿಸ್ ಅದನ್ನೇ ತಡೆಯುತ್ತಿದೆ. ರೋಲ್‌ಬೈಂಡಿಂಗ್ ಮೂಲಕ "ಎಡಿಟ್" ಅನ್ನುವ ಕ್ಲಸ್ಟರ್‌ರೋಲ್ (ಅನುಮತಿಗಳ ಒಂದು ಕಟ್ಟು) ಕೊಡಬೇಕಾದರೆ ಎರಡೇ ದಾರಿ. ಒಂದು, ಎಡಿಟ್‌ನಲ್ಲಿ ಇರುವ ಅಷ್ಟೂ ಅನುಮತಿ ಆಪರೇಟರ್‌ಗೆ ಸ್ವತಃ ಇರಬೇಕು. ಇಲ್ಲ, ಆ ಕ್ಲಸ್ಟರ್‌ರೋಲ್ ಮೇಲೆ "ಬೈಂಡ್" ಅನ್ನುವ ವಿಶೇಷ ಕ್ರಿಯಾಪದ ಇರಬೇಕು. ಈ ತಡೆ ಇಲ್ಲದಿದ್ದರೆ ಬೈಂಡಿಂಗ್ ಮಾಡುವ ಅನುಮತಿ ಇರುವ ಯಾರು ಬೇಕಾದರೂ ತಮಗೆ ತಾವೇ ಯಜಮಾನಿಕೆ ಕೊಟ್ಟುಕೊಳ್ಳಬಹುದು.

ಹೊಸ ಮಾರ್ಕರ್ ಸಾಲು ಸೇರಿಸಿ. ಗ್ರೂಪ್ ಆರ್‌ಬಿಎಸಿಯದ್ದು (ಕುಬರ್ನೆಟಿಸ್‌ನ ಅನುಮತಿ ವ್ಯವಸ್ಥೆ), ರಿಸೋರ್ಸ್ ಕ್ಲಸ್ಟರ್‌ರೋಲ್ಸ್, ವರ್ಬ್ ಬೈಂಡ್, ರಿಸೋರ್ಸ್‌ನೇಮ್ಸ್ ಎಡಿಟ್. ಆ ಕೊನೆಯದನ್ನು ಮಾತ್ರ ಬಿಡಬೇಡಿ. ಬಿಟ್ಟರೆ ನಿಮ್ಮ ಆಪರೇಟರ್ ಯಾರಿಗೆ ಬೇಕಾದರೂ ಕ್ಲಸ್ಟರ್-ಅಡ್ಮಿನ್ (ಎಲ್ಲ ಅಧಿಕಾರ ಇರುವ ರೋಲ್) ಹಂಚಬಹುದು.

---

ಎಂಟು_ಜಿಬಿ · ರಾತ್ರಿ 11:44

ಲೋಕಲ್ ತಾನೇ? ಆಪರೇಟರ್‌ಗೇ ಕ್ಲಸ್ಟರ್-ಅಡ್ಮಿನ್ ಕೊಟ್ಟು ಮುಂದೆ ಹೋಗಬಾರದಾ? ಆಮೇಲೆ ನೋಡಿಕೊಂಡರಾಯಿತು.

ರಾತ್ರಿಪಾಳಿ · ರಾತ್ರಿ 11:47

ಆ "ಆಮೇಲೆ" ರಾತ್ರಿ ಎರಡು ಗಂಟೆಗೆ ನನ್ನ ಫೋನಿಗೆ ಬರುತ್ತೆ.

---

ಯಾಮಲ್_ಯಾತನೆ · ಬುಧವಾರ, ಬೆಳಿಗ್ಗೆ 7:50

ರಾತ್ರಿಪಾಳಿ ಅವರು ಹೇಳಿದ್ದಕ್ಕೆ ಸೇರಿಸುತ್ತೇನೆ. ಅಂಬಿಗರೇ, ಬಿಲ್ಡ್ ಮಾಡದೇ ಹೊರಗೇ ಓಡಿಸಬೇಕು, ಆದರೆ ಅಧಿಕಾರ ಮಾತ್ರ ಆಪರೇಟರ್‌ದೇ ಇರಬೇಕು. ಇದು ಸಾಧ್ಯ. ನಾನು ಒಂದು ವರ್ಷದಿಂದ ಹೀಗೇ ಮಾಡುತ್ತಿದ್ದೇನೆ, "ಮೇಕ್ ರನ್" ವೇಗವೂ ಹೋಗಲಿಲ್ಲ, ಫರ್ಬಿಡನ್ ಕಾಟವೂ ಕೊನೆಗೆ ಬರಲಿಲ್ಲ.

ಒಂದು ಸಲ "ಮೇಕ್ ಡಿಪ್ಲಾಯ್" ಮಾಡಿ. ಸರ್ವಿಸ್ ಅಕೌಂಟ್, ರೋಲ್‌ಗಳೆಲ್ಲ ಕ್ಲಸ್ಟರ್‌ನಲ್ಲಿ ಕೂರುತ್ತವೆ. ಆಮೇಲೆ ಆ ಡಿಪ್ಲಾಯ್‌ಮೆಂಟ್‌ನ ರೆಪ್ಲಿಕಾ (ಎಷ್ಟು ಪಾಡ್ ಓಡಬೇಕು ಅನ್ನುವ ಸಂಖ್ಯೆ) ಸೊನ್ನೆ ಮಾಡಿ. ಈಗ "ಕ್ಯೂಬ್‌ಸಿಟಿಎಲ್ ಕ್ರಿಯೇಟ್ ಟೋಕನ್" ಅಂತ ಕೊಟ್ಟು, ಆಪರೇಟರ್‌ನ ಸರ್ವಿಸ್ ಅಕೌಂಟ್ ಹೆಸರು, ನೇಮ್‌ಸ್ಪೇಸ್ ಹಾಕಿ. ಒಂದು ಉದ್ದನೆಯ ಟೋಕನ್ (ತಾತ್ಕಾಲಿಕ ಗುರುತಿನ ಚೀಟಿ) ಉದುರುತ್ತೆ. ಈ ಕಮಾಂಡ್ ಕುಬರ್ನೆಟಿಸ್ 1.24ರಿಂದ ಇದೆ. ಕೈಂಡ್‌ನ ಕ್ಯೂಬ್‌ಕಾನ್ಫಿಗ್ ಅನ್ನು ಬೇರೆ ಫೈಲ್‌ಗೆ ಕಾಪಿ ಮಾಡಿ, ಅದರಲ್ಲಿ ಹೊಸ ಯೂಸರ್ ಸೇರಿಸಿ ಈ ಟೋಕನ್ ಕೊಡಿ, ಕಾಂಟೆಕ್ಸ್ಟ್ (ಯಾವ ಕ್ಲಸ್ಟರ್‌ಗೆ ಯಾವ ಯೂಸರ್ ಅನ್ನುವ ಜೋಡಿ) ಅನ್ನು ಆ ಯೂಸರ್‌ಗೆ ತಿರುಗಿಸಿ. ಹಳೇ ಯೂಸರನ್ನು ಆ ಫೈಲ್‌ನಿಂದ ತೆಗೆದೇ ಬಿಡಿ. ಕ್ಯೂಬ್‌ಕಾನ್ಫಿಗ್ ವೇರಿಯಬಲ್ ಆ ಫೈಲ್‌ಗೆ ತೋರಿಸಿ "ಮೇಕ್ ರನ್" ಹೊಡೆಯಿರಿ. ಅಷ್ಟೇ.

ಟೋಕನ್ ಮಾಮೂಲಿಯಾಗಿ ಒಂದು ಗಂಟೆ ಬದುಕುತ್ತೆ. ಊಟ ಮಾಡಿ ಬಂದಾಗ ಎಲ್ಲಾ ಅನ್‌ಆಥರೈಸ್ಡ್ ಅಂದರೆ ಗಾಬರಿ ಬೇಡ, ಹೊಸದು ತೆಗೆಯಿರಿ. ಡ್ಯುರೇಶನ್ ಕೊಟ್ಟು ಎಂಟು ಗಂಟೆಯದ್ದೂ ಕೇಳಬಹುದು.

ಇಷ್ಟೂ ಮಾಡುವ ಮೊದಲು ಒಂದೇ ಸಾಲಲ್ಲಿ ಕೇಳಿ ನೋಡಬೇಕು ಅಂದರೆ "ಕ್ಯೂಬ್‌ಸಿಟಿಎಲ್ ಆಥ್ ಕ್ಯಾನ್-ಐ ಬೈಂಡ್ ಕ್ಲಸ್ಟರ್‌ರೋಲ್/ಎಡಿಟ್", ಪಕ್ಕದಲ್ಲಿ "ಆಸ್" ಫ್ಲ್ಯಾಗ್‌ಗೆ ಸರ್ವಿಸ್ ಅಕೌಂಟ್‌ನ ಪೂರ್ತಿ ಹೆಸರು. ಎಸ್ ಅಥವಾ ನೋ. ಖಡಾಖಂಡಿತ ಉತ್ತರ.

---

ಬೆಣ್ಣೆದೋಸೆ · ಬೆಳಿಗ್ಗೆ 9:15

ಇಷ್ಟೆಲ್ಲ ಯಾಕೆ, ಟಿಲ್ಟ್ (ಕೋಡ್ ಬದಲಾದ ಕೂಡಲೇ ಕ್ಲಸ್ಟರ್‌ಗೆ ತಲುಪಿಸುವ ಟೂಲ್) ಹಾಕಿ. ಸೇವ್ ಮಾಡಿದ ತಕ್ಷಣ ಲ್ಯಾಪ್‌ಟಾಪ್‌ನಲ್ಲೇ ಗೋ ಬಿಲ್ಡ್ ಆಗುತ್ತೆ, ಬೈನರಿ ಮಾತ್ರ ಓಡುತ್ತಿರುವ ಕಂಟೇನರ್ ಒಳಗೆ ಹೋಗುತ್ತೆ, ಪ್ರೋಸೆಸ್ ಮತ್ತೆ ಏಳುತ್ತೆ. ಇಮೇಜ್ ಕಟ್ಟುವ ಗೋಜೇ ಇಲ್ಲ. ನನ್ನ ಹತ್ತಿರ ನಾಲ್ಕೈದು ಸೆಕೆಂಡ್. ಸರ್ವಿಸ್ ಅಕೌಂಟ್ ನಿಜವಾದದ್ದೇ, ವೆಬ್‌ಹುಕ್ ನಿಜವಾದದ್ದೇ.

ಕಡಲತಡಿ · ಬೆಳಿಗ್ಗೆ 9:40

ಟಿಲ್ಟ್ ಒಳ್ಳೆಯದೇ. ಆದರೆ ಒಂದು ವಿಷಯ ಹೇಳಲಿಲ್ಲ ನೀವು. ಕುಬೆಬಿಲ್ಡರ್ ಕೊಡುವ ಡಾಕರ್‌ಫೈಲ್ ಡಿಸ್ಟ್ರೋಲೆಸ್ (ತೀರಾ ಕಡಿಮೆ ಸಾಮಾನು ಇರುವ ಇಮೇಜ್) ಮೇಲೆ ನಿಂತಿದೆ. ಅದರಲ್ಲಿ ಶೆಲ್ ಇಲ್ಲ, ಟಾರ್ ಇಲ್ಲ. ಟಿಲ್ಟ್ ಫೈಲ್ ಒಳಗೆ ಕಳಿಸುವುದು ಟಾರ್ ಮೂಲಕ. ಡೆವಲಪ್‌ಮೆಂಟ್‌ಗೆ ಅಂತಲೇ ಆಲ್ಪೈನ್ ತರಹದ್ದರ ಮೇಲೆ ಇನ್ನೊಂದು ಡಾಕರ್‌ಫೈಲ್ ಇಡಬೇಕು.

ಬೆಣ್ಣೆದೋಸೆ · ಬೆಳಿಗ್ಗೆ 9:44

ಹೌದು, ಅದು ಇದೆ. ಎಂಟು ಸಾಲಿನ ಫೈಲ್ ಬಿಡಿ.

ಅಂಬಿಗರ ನಾಲ್ಕೈದು ನಿಮಿಷದ ಬಿಲ್ಡ್ ಬಗ್ಗೆ: ಮ್ಯಾಕ್ ಎಮ್ ಸರಣಿಯದ್ದಾ (ಆರ್ಮ್ ಚಿಪ್)? ಪ್ಲಾಟ್‌ಫಾರ್ಮ್ ಎಎಮ್‌ಡಿ64 (ಇಂಟೆಲ್ ತರಹದ ಚಿಪ್) ಅಂತ ಎಲ್ಲೋ ಕೂತಿದ್ದರೆ ಇಡೀ ಗೋ ಕಂಪೈಲ್ ಎಮ್ಯುಲೇಶನ್‌ನಲ್ಲಿ ನಡೆಯುತ್ತೆ, ಎತ್ತಿನ ಗಾಡಿ ಆಗುತ್ತೆ. ಕೈಂಡ್ ನೋಡ್ ಆರ್ಮ್‌ದೇ ಇರುತ್ತೆ, ಲೋಕಲ್‌ಗೆ ಆರ್ಮ್ ಬಿಲ್ಡ್ ಸಾಕು.

ಹೊಸ_ಅಂಬಿಗ · ಬೆಳಿಗ್ಗೆ 10:02

ಅಯ್ಯೋ. ಹೌದು! ಸಿಐಗೆ (ತಾನಾಗಿ ಬಿಲ್ಡ್ ಮಾಡುವ ವ್ಯವಸ್ಥೆ) ಅಂತ ಹಾಕಿದ್ದ ಸಾಲು ಮೇಕ್‌ಫೈಲ್‌ನಲ್ಲೇ ಉಳಿದಿತ್ತು. ತೆಗೆದೆ. 40 ಸೆಕೆಂಡ್‌ಗೆ ಇಳಿಯಿತು. ಕಾಫಿ ಖರ್ಚೂ ಇಳಿಯಿತು.

---

ಎಂಟು_ಜಿಬಿ · ಮಧ್ಯಾಹ್ನ 1:20

ನನ್ನಂಥವರ ಕಷ್ಟವನ್ನೂ ಸ್ವಲ್ಪ ಕೇಳಿ. ಹೆಸರಲ್ಲೇ ಇದೆ. ಡಾಕರ್, ಎಡಿಟರ್, ಬ್ರೌಸರ್, ಆಫೀಸ್ ಚಾಟ್, ಮೇಲೆ ಕೈಂಡ್. ಫ್ಯಾನ್ ಸದ್ದಿಗೆ ಪಿಜಿ ರೂಮ್‌ಮೇಟ್ ಎದ್ದು ಕೂರುತ್ತಾನೆ. ಯಾವುದೋ ಬ್ಲಾಗ್ ನೋಡಿ ಮೂರು ನೋಡ್‌ನ ಕ್ಲಸ್ಟರ್ ಮಾಡಿದೆ, ಪಾಡ್‌ಗಳು "ಟೂ ಮೆನಿ ಓಪನ್ ಫೈಲ್ಸ್" ಅಂತ ಸತ್ತವು. ಉಬುಂಟು.

ಯಾಮಲ್_ಯಾತನೆ · ಮಧ್ಯಾಹ್ನ 1:42

ಅದು ಮೆಮೊರಿ ಅಲ್ಲ, ಐನೋಟಿಫೈ (ಫೈಲ್ ಬದಲಾವಣೆ ಗಮನಿಸುವ ಲಿನಕ್ಸ್ ಸೌಲಭ್ಯ) ಮಿತಿ. ನೋಡ್‌ಗಳೆಲ್ಲ ನಿಮ್ಮ ಒಂದೇ ಕರ್ನೆಲ್ ಹಂಚಿಕೊಳ್ಳುತ್ತವೆ, ಮಿತಿಯೂ ಒಂದೇ. ಸಿಸ್‌ಸಿಟಿಎಲ್‌ನಲ್ಲಿ ಮ್ಯಾಕ್ಸ್ ಯೂಸರ್ ವಾಚಸ್ 524288, ಮ್ಯಾಕ್ಸ್ ಯೂಸರ್ ಇನ್‌ಸ್ಟನ್ಸಸ್ 512 ಮಾಡಿ. ರೀಬೂಟ್ ಆದರೂ ಉಳಿಯಬೇಕು ಅಂದರೆ ಕಾನ್ಫ್ ಫೈಲ್‌ನಲ್ಲಿ ಬರೆಯಿರಿ.

ಆದರೆ ಆಪರೇಟರ್ ಬರೆಯೋಕೆ ಮೂರು ನೋಡ್ ಯಾಕೆ? ಒಂದು ಸಾಕು. ನಿಮಗೆ ಇನ್ನೂ ಹಗುರ ಬೇಕಾದರೆ ಎನ್ವ್‌ಟೆಸ್ಟ್. ಅದು ಬರೀ ಎಪಿಐ ಸರ್ವರ್ (ಕ್ಲಸ್ಟರ್‌ನ ಮುಂಬಾಗಿಲು) ಮತ್ತು ಎಟ್‌ಸಿಡಿ (ಅದರ ಡೇಟಾಬೇಸ್), ಎರಡೇ ಪ್ರೋಸೆಸ್. ಡಾಕರ್ ಕೂಡ ಬೇಡ. ಕೆಲವೇ ಸೆಕೆಂಡ್‌ನಲ್ಲಿ ಏಳುತ್ತೆ. "ಮೇಕ್ ಟೆಸ್ಟ್" ಅದನ್ನೇ ಬಳಸುತ್ತೆ.

ಅದರ ಮೇಲೆ ಪೂರ್ತಿ ಭರವಸೆ ಮಾತ್ರ ಬೇಡ. ಅದರಲ್ಲಿ ಕಂಟ್ರೋಲರ್ ಮ್ಯಾನೇಜರ್ (ಅಳಿಸುವುದನ್ನು ಪೂರ್ತಿ ಮಾಡುವಂಥ ಹಿನ್ನೆಲೆ ಕೆಲಸದ ಭಾಗ) ಇಲ್ಲ. ಹಾಗಾಗಿ ನೇಮ್‌ಸ್ಪೇಸ್ ಡಿಲೀಟ್ ಮಾಡಿದರೆ ಅದು ಟರ್ಮಿನೇಟಿಂಗ್‌ನಲ್ಲೇ ಕೂತಿರುತ್ತೆ, ಯಾವತ್ತೂ ಹೋಗಲ್ಲ. ಓನರ್ ರೆಫರೆನ್ಸ್ (ಇದು ಯಾರ ಮಗು ಅನ್ನುವ ಗುರುತು) ಹಾಕಿ, ಓನರ್ ಅಳಿಸಿದರೆ ಮಕ್ಕಳೂ ಹೋಗುತ್ತವೆ ಅಂತ ಟೆಸ್ಟ್ ಬರೆದರೆ ಅದು ಯಾವತ್ತೂ ಪಾಸ್ ಆಗಲ್ಲ. ಓನರ್ ರೆಫರೆನ್ಸ್ ಸರಿಯಾಗಿ ಕೂತಿದೆಯಾ ಅಂತ ಮಾತ್ರ ನೋಡಿ. ಅಂಬಿಗರ ಆಪರೇಟರ್ ನೇಮ್‌ಸ್ಪೇಸ್ ಮಾಡುವುದೇ ಅಲ್ವಾ, ಪ್ರತಿ ಟೆಸ್ಟ್‌ಗೂ ಹೊಸ ಹೆಸರು ಕೊಡಿ. ಇಲ್ಲದಿದ್ದರೆ ಎರಡನೇ ಟೆಸ್ಟ್ ಮೊದಲನೆಯದರ ಹೆಣದ ಮೇಲೆ ಎಡವಿ ಬೀಳುತ್ತೆ.

---

ಹೊಸ_ಅಂಬಿಗ · ಗುರುವಾರ, ಸಂಜೆ 6:30

ಮೊದಲು ಒಳ್ಳೆ ಸುದ್ದಿ. ಬೈಂಡ್ ಸಾಲು ಸೇರಿಸಿದೆ, ರೋಲ್‌ಬೈಂಡಿಂಗ್ ಆಯಿತು. ಟೋಕನ್ ಉಪಾಯ ಭಾರಿ ಚೆನ್ನಾಗಿದೆ. ಇನ್ನೂ ಎರಡು ಕಡೆ ಅನುಮತಿ ಬಿಟ್ಟು ಹೋಗಿತ್ತು, ಬಿಲ್ಡ್ ಇಲ್ಲದೇ ಹತ್ತು ನಿಮಿಷದಲ್ಲಿ ಸಿಕ್ಕಿತು.

ಈಗ ದೆವ್ವ ಬಂದಿದೆ. ಕೋಟಾದಲ್ಲಿ ಸಿಪಿಯು 10 ಇತ್ತು, ಕೋಡ್‌ನಲ್ಲಿ 20 ಮಾಡಿದೆ. "ಕ್ಯೂಬ್‌ಸಿಟಿಎಲ್ ಗೆಟ್ ರಿಸೋರ್ಸ್‌ಕೋಟಾ" ಗೆ ವಾಚ್ ಹಾಕಿ ನೋಡುತ್ತಿದ್ದೇನೆ. 20, 10, 20, 10. ನಿಲ್ಲುತ್ತಲೇ ಇಲ್ಲ. ರಿಸೋರ್ಸ್ ವರ್ಷನ್ ಆಟೋ ಮೀಟರ್ ಹಾಗೆ ಏರುತ್ತಿದೆ. ಮಧ್ಯೆ ಮಧ್ಯೆ "ಆಬ್ಜೆಕ್ಟ್ ಹ್ಯಾಸ್ ಬೀನ್ ಮಾಡಿಫೈಡ್" ಅಂತ ಕಾನ್‌ಫ್ಲಿಕ್ಟ್. ಕೋಡ್‌ನಲ್ಲಿ 10 ಎಲ್ಲೂ ಇಲ್ಲ, ಎರಡು ಸಲ ಹುಡುಕಿದೆ.

ಕಡಲತಡಿ · ಸಂಜೆ 6:37

ನಿಮ್ಮ ಕೋಡ್‌ನಲ್ಲಿ ಇಲ್ಲ. ಹಳೇ ಇಮೇಜ್‌ನಲ್ಲಿ ಉಂಟು. ಆಪರೇಟರ್ ನೇಮ್‌ಸ್ಪೇಸ್‌ನಲ್ಲಿ ಪಾಡ್ ಎಷ್ಟು ಓಡುತ್ತಿದೆ ನೋಡಿ.

ಹೊಸ_ಅಂಬಿಗ · ಸಂಜೆ 6:39

ಒಂದು. ಆದರೆ ನಾನು ಸೊನ್ನೆ ಮಾಡಿದ್ದೆ!

ಕಡಲತಡಿ · ಸಂಜೆ 6:45

ಮಾಡಿದ್ದಿರಿ. ಆಮೇಲೆ ಹೊಸ ರೋಲ್ ಹಾಕಲು ಮತ್ತೆ "ಮೇಕ್ ಡಿಪ್ಲಾಯ್" ಹೊಡೆದಿರಲ್ಲ? ಆ ಮ್ಯಾನಿಫೆಸ್ಟ್‌ನಲ್ಲಿ ರೆಪ್ಲಿಕಾ 1 ಅಂತ ಬರೆದಿದೆ. ಸೊನ್ನೆ ಹೋಗಿ ಒಂದಾಯಿತು. ಈಗ ಒಳಗೆ ಒಂದು, ನಿಮ್ಮ ಟರ್ಮಿನಲ್‌ನಲ್ಲಿ ಒಂದು, ಇಬ್ಬರು ಯಜಮಾನರು. ಒಬ್ಬ ಮಡಚಿದ ಬಟ್ಟೆಯನ್ನು ಇನ್ನೊಬ್ಬ ಬಿಡಿಸುತ್ತಿದ್ದಾನೆ. ಇಬ್ಬರೂ ಅವರವರ ಲೆಕ್ಕದಲ್ಲಿ ಸರಿಯೇ ಮಾಡುತ್ತಿದ್ದಾರೆ.

ಲೀಡರ್ ಎಲೆಕ್ಷನ್ (ಒಮ್ಮೆಗೆ ಒಬ್ಬನೇ ಕೆಲಸ ಮಾಡಲಿ ಅನ್ನುವ ಏರ್ಪಾಡು) ತಡೆಯಬೇಕಿತ್ತಲ್ಲ ಅನ್ನಬಹುದು. ಡಿಪ್ಲಾಯ್ ಆದದ್ದಕ್ಕೆ ಆ ಫ್ಲ್ಯಾಗ್ ಇರುತ್ತದೆ, "ಮೇಕ್ ರನ್"ಗೆ ಇರುವುದಿಲ್ಲ. ಹಾಗಾಗಿ ನಿಮ್ಮದು ಯಾರನ್ನೂ ಕೇಳದೇ ನುಗ್ಗುತ್ತದೆ. ನಾನು ಮೇಕ್‌ಫೈಲ್‌ನಲ್ಲಿ "ರನ್" ಟಾರ್ಗೆಟ್‌ನ ಮೊದಲ ಸಾಲೇ ರೆಪ್ಲಿಕಾ ಸೊನ್ನೆ ಮಾಡುವ ಕಮಾಂಡ್ ಇಟ್ಟಿದ್ದೇನೆ. ಆದರೆ ಆ ಸಾಲಿಗೆ ನಿಮ್ಮ ಅಡ್ಮಿನ್ ಕ್ಯೂಬ್‌ಕಾನ್ಫಿಗ್ ಕೊಡಬೇಕು. ಆಪರೇಟರ್‌ನ ಟೋಕನ್‌ಗೆ ಆ ಅಧಿಕಾರ ಇರಲಿಕ್ಕಿಲ್ಲ, ಇರಬೇಕಾಗಿಯೂ ಇಲ್ಲ.

ಹೊಸ_ಅಂಬಿಗ · ಸಂಜೆ 6:52

ದೆವ್ವ ಬಿಟ್ಟಿತು. ಎರಡು ಗಂಟೆ ಹೋಗಿತ್ತು ನನ್ನದು.

---

ರಾತ್ರಿಪಾಳಿ · ರಾತ್ರಿ 9:30

ಕೋಟಾ ತಾನೇ ಕುಣಿದಿದ್ದು, ಪರವಾಗಿಲ್ಲ. ನನ್ನದು ಕೇಳಿ.

ಹಿಂದಿನ ಒಂದು ಕಂಪನಿ. ಇದೇ ತರಹದ ಆಪರೇಟರ್. ಶುಕ್ರವಾರ ಸಂಜೆ, ಮನೆಗೆ ಹೊರಡುವ ಮೊದಲು ಲೋಕಲ್ ಸ್ವಚ್ಛ ಮಾಡೋಣ ಅಂತ "ಮೇಕ್ ಅನ್‌ಇನ್‌ಸ್ಟಾಲ್" ಹೊಡೆದೆ. ಮಾಮೂಲಿಗಿಂತ ಜಾಸ್ತಿ ಹೊತ್ತು ಹಿಡಿಯಿತು. ಯಾಕೋ ನೋಡೋಣ ಅಂತ ಕಾಂಟೆಕ್ಸ್ಟ್ ನೋಡಿದರೆ ಸ್ಟೇಜಿಂಗ್. ಮಧ್ಯಾಹ್ನ ಒಂದು ಲಾಗ್ ನೋಡೋಕೆ ತಿರುಗಿಸಿದ್ದೆ, ವಾಪಸ್ ಬಂದಿರಲಿಲ್ಲ.

ಆ ಕಮಾಂಡ್ ಸಿಆರ್‌ಡಿ (ಕಸ್ಟಮ್ ರಿಸೋರ್ಸ್ ಜಾತಿಯ ವ್ಯಾಖ್ಯೆ) ಅಳಿಸುತ್ತೆ. ಸಿಆರ್‌ಡಿ ಹೋದರೆ ಆ ಜಾತಿಯ ರಿಸೋರ್ಸ್‌ಗಳೆಲ್ಲ ಹೋಗುತ್ತವೆ. ನಮ್ಮ ನೇಮ್‌ಸ್ಪೇಸ್‌ಗಳ ಮೇಲೆ ಓನರ್ ರೆಫರೆನ್ಸ್ ಇತ್ತು. ಹಾಗಾಗಿ ನೇಮ್‌ಸ್ಪೇಸ್‌ಗಳು, ಅದರೊಳಗಿನ ಎಲ್ಲವೂ. ಹದಿನಾಲ್ಕು ತಂಡ. ಪರದೆ ಮೇಲೆ ಟರ್ಮಿನೇಟಿಂಗ್ ಸಾಲಾಗಿ ಬರುತ್ತಿತ್ತು. ಕಂಟ್ರೋಲ್-ಸಿ ಒತ್ತಿದೆ. ಏನು ಪ್ರಯೋಜನ, ಡಿಲೀಟ್ ಆಗಲೇ ಸರ್ವರ್ ಒಪ್ಪಿಕೊಂಡು ಆಗಿತ್ತು. ಭಾನುವಾರ ರಾತ್ರಿಯವರೆಗೆ ಕೂತು ಮತ್ತೆ ಕಟ್ಟಿದೆವು.

ಆಮೇಲಿನಿಂದ ನನ್ನ ಮಾಮೂಲಿ ಕ್ಯೂಬ್‌ಕಾನ್ಫಿಗ್‌ನಲ್ಲಿ ಕೈಂಡ್ ಬಿಟ್ಟರೆ ಏನೂ ಇಲ್ಲ. ಬೇರೆ ಕ್ಲಸ್ಟರ್ ಬೇಕಾದರೆ ಬೇರೆ ಫೈಲ್, ಬೇರೆ ಟರ್ಮಿನಲ್, ಹಿನ್ನೆಲೆ ಕೆಂಪು. ಬೆಣ್ಣೆದೋಸೆ ಅವರ ಟಿಲ್ಟ್ ಬಗ್ಗೆ ನನಗೆ ಅಷ್ಟು ಆಸಕ್ತಿ ಇಲ್ಲ. ಆದರೆ ಲೋಕಲ್ ಅಲ್ಲದ ಕಾಂಟೆಕ್ಸ್ಟ್ ಕಂಡರೆ ನೀವು ಒಪ್ಪಿಗೆ ಬರೆದುಕೊಡುವ ತನಕ ಅದು ಕೆಲಸವೇ ಮಾಡಲ್ಲ. ಅದೊಂದು ಗುಣಕ್ಕೆ ಮರ್ಯಾದೆ ಕೊಡುತ್ತೇನೆ.

ಯಾಮಲ್_ಯಾತನೆ · ರಾತ್ರಿ 9:51

ನೇಮ್‌ಸ್ಪೇಸ್ ಮೇಲೆ ಓನರ್ ರೆಫರೆನ್ಸ್ ಇರಲೇಬೇಕಾ ಅನ್ನುವುದು ನನ್ನ ಪ್ರಶ್ನೆ. ಅಂಬಿಗರೇ, ನಿಮ್ಮ "ತಂಡ" ಕ್ಲಸ್ಟರ್ ಮಟ್ಟದ್ದಾ, ನೇಮ್‌ಸ್ಪೇಸ್ ಒಳಗಿನದ್ದಾ? ಒಳಗಿನದ್ದಾದರೆ ಅದು ನೇಮ್‌ಸ್ಪೇಸ್‌ಗೆ ಓನರ್ ಆಗೋಕೇ ಬರಲ್ಲ, ಕಂಟ್ರೋಲರ್-ರನ್‌ಟೈಮ್ (ಕುಬೆಬಿಲ್ಡರ್ ಬಳಸುವ ಲೈಬ್ರರಿ) ಎರರ್ ಕೊಡುತ್ತೆ. ಕ್ಲಸ್ಟರ್ ಮಟ್ಟದ್ದಾದರೆ ಬರುತ್ತೆ, ಆದರೆ ಬೇಡ ಅನ್ನುತ್ತೇನೆ. ಕೋಟಾಗೆ, ಪಾಲಿಸಿಗೆ ಹಾಕಿ. ನೇಮ್‌ಸ್ಪೇಸ್‌ಗೆ ಒಂದು ಲೇಬಲ್ ಸಾಕು. ಅದನ್ನು ಅಳಿಸುವುದು ಮನುಷ್ಯರ ಕೆಲಸವಾಗಿರಲಿ.

ಬೆಣ್ಣೆದೋಸೆ · ರಾತ್ರಿ 10:03

ಒಪ್ಪಲ್ಲ. ಹಾಗಾದರೆ ಸತ್ತ ನೇಮ್‌ಸ್ಪೇಸ್ ಗುಡ್ಡೆ ಬೀಳುತ್ತೆ, ಮತ್ತೆ ಟಿಕೆಟ್, ಮತ್ತೆ ಸ್ಕ್ರಿಪ್ಟ್. ಫೈನಲೈಜರ್ (ತೆಗೆಯುವ ತನಕ ರಿಸೋರ್ಸ್ ಅಳಿಯಲು ಬಿಡದ ಗುರುತು) ಇಟ್ಟು, ಒಳಗೆ ಪಾಡ್ ಇದ್ದರೆ ಅಳಿಸುವುದನ್ನು ತಡೆಯಲಿ.

ರಾತ್ರಿಪಾಳಿ · ರಾತ್ರಿ 10:10

ಫೈನಲೈಜರ್ ಇಟ್ಟವರು, ಆಪರೇಟರ್ ಸತ್ತಿರುವಾಗ ಡಿಲೀಟ್ ಹೊಡೆದರೆ ಏನಾಗುತ್ತೆ ಅಂತ ಲೋಕಲ್‌ನಲ್ಲೇ ಒಂದು ಸಲ ನೋಡಿಕೊಳ್ಳಿ. ಅದನ್ನು ಬಿಡಿಸುವವರು ಯಾರೂ ಇರಲ್ಲ, ರಿಸೋರ್ಸ್ ನೇತಾಡುತ್ತಲೇ ಇರುತ್ತೆ. ಕೈಯಾರೆ ಪ್ಯಾಚ್ ಮಾಡಿ ಫೈನಲೈಜರ್ ಕಿತ್ತು ಹಾಕಬೇಕು. ಅದಕ್ಕೆ "ಮೇಕ್ ಅನ್‌ಡಿಪ್ಲಾಯ್" ಮೊದಲು, ರಿಸೋರ್ಸ್ ಅಳಿಸುವುದು ಆಮೇಲೆ ಅನ್ನುವ ಕ್ರಮ ತಪ್ಪು. ಮೊದಲು ರಿಸೋರ್ಸ್, ಆಮೇಲೆ ಆಪರೇಟರ್.

---

ಹೊಸ_ಅಂಬಿಗ · ಸೋಮವಾರ, ಬೆಳಿಗ್ಗೆ 11:15

ಓನರ್ ರೆಫರೆನ್ಸ್ ತೆಗೆದೆ, ಲೇಬಲ್ ಇಟ್ಟೆ. ಬೆಣ್ಣೆದೋಸೆ ಅವರ ಗುಡ್ಡೆಗೆ ಒಂದು ಕ್ರಾನ್‌ಜಾಬ್ (ನಿಗದಿತ ಹೊತ್ತಿಗೆ ಓಡುವ ಕೆಲಸ) ಬರೆದೆ. ಅಳಿಸಲ್ಲ, ಖಾಲಿ ನೇಮ್‌ಸ್ಪೇಸ್‌ಗಳ ಪಟ್ಟಿ ಮಾಡಿ ಚಾಟ್‌ಗೆ ಕಳಿಸುತ್ತೆ ಅಷ್ಟೇ. ರಾತ್ರಿ 2ಕ್ಕೆ ಅಂತ ಬರೆದಿದ್ದೆ, ಬೆಳಿಗ್ಗೆ 7:30ಕ್ಕೆ ಬಂತು. ಐದೂವರೆ ಗಂಟೆ ನೋಡಿದ ಕೂಡಲೇ ಯುಟಿಸಿ ಅಂತ ಗೊತ್ತಾಯಿತು ಬಿಡಿ. ಟೈಮ್‌ಜೋನ್ ಅಂತ ಫೀಲ್ಡ್ ಇದೆಯಂತೆ, ಏಷ್ಯಾ/ಕೋಲ್ಕತಾ ಕೊಟ್ಟೆ.

ಕಡಲತಡಿ · ಬೆಳಿಗ್ಗೆ 11:28

ಕುಬರ್ನೆಟಿಸ್ 1.27ರಲ್ಲಿ ಅದು ಸ್ಟೇಬಲ್ ಆಯಿತು. ಲೋಕಲ್‌ನಲ್ಲಿ ನೋಡಲು ರಾತ್ರಿ ಎರಡರವರೆಗೆ ಕಾಯಬೇಡಿ. "ಕ್ಯೂಬ್‌ಸಿಟಿಎಲ್ ಕ್ರಿಯೇಟ್ ಜಾಬ್" ಗೆ "ಫ್ರಮ್" ಫ್ಲ್ಯಾಗ್‌ನಲ್ಲಿ ಕ್ರಾನ್‌ಜಾಬ್ ಹೆಸರು ಕೊಟ್ಟರೆ ಆ ಕ್ಷಣವೇ ಓಡುತ್ತದೆ.

ಮತ್ತೆ, ನಿಮ್ಮ ಕೈಂಡ್ ಯಾವ ಆವೃತ್ತಿ? ಅದರ ಮಾಮೂಲಿ ನೆಟ್‌ವರ್ಕ್‌ಗೆ ನೆಟ್‌ವರ್ಕ್ ಪಾಲಿಸಿ ಗೊತ್ತಾದದ್ದು 0.24ರಿಂದ. ಅದಕ್ಕಿಂತ ಹಳೆಯದಾದರೆ ಪಾಲಿಸಿ ಆಬ್ಜೆಕ್ಟ್ ಚಂದ ಕೂತಿರುತ್ತದೆ, ಟ್ರಾಫಿಕ್ ಮಾತ್ರ ಆರಾಮಾಗಿ ಹೋಗುತ್ತಿರುತ್ತದೆ.

ಹೊಸ_ಅಂಬಿಗ · ಬೆಳಿಗ್ಗೆ 11:36

0.20. ಅಂದರೆ ನಾನು ಪಾಲಿಸಿ ಟೆಸ್ಟೇ ಮಾಡಿಲ್ಲ ಅಂತಾಯಿತು. ಅಪ್‌ಗ್ರೇಡ್ ಮಾಡುತ್ತೇನೆ.

ಹೊಸ_ಅಂಬಿಗ · ಸೋಮವಾರ, ಮಧ್ಯಾಹ್ನ 3:50

ಅಪ್‌ಗ್ರೇಡ್ ಮಾಡಿದ ಕೂಡಲೇ ಡಿಎನ್‌ಎಸ್ ಸತ್ತಿತು. ನನ್ನ ಪಾಲಿಸಿ ಹೊರಗೆ ಹೋಗುವ ಎಲ್ಲವನ್ನೂ ತಡೆದಿತ್ತು, ಡಿಎನ್‌ಎಸ್‌ನ 53ನೇ ಪೋರ್ಟ್ ಸೇರಿ. ಇದು ನಿಜವಾದ ಕ್ಲಸ್ಟರ್‌ನಲ್ಲಿ ಆಗಿದ್ದರೆ! ಕಡಲತಡಿ ಅವರಿಗೆ ಒಂದು ಊಟ ಬಾಕಿ.

ಎಂಟು_ಜಿಬಿ · ಸಂಜೆ 5:05

ನಾನೂ ಒಂದು ನೋಡ್‌ಗೆ ಇಳಿದೆ. ದಿನದ ಕೆಲಸ ಎನ್ವ್‌ಟೆಸ್ಟ್‌ನಲ್ಲಿ, ಸಂಜೆ ಒಂದು ಸಲ ಕೈಂಡ್. ರೂಮ್‌ಮೇಟ್ ಈಗ ಮಲಗುತ್ತಿದ್ದಾನೆ.

---

ಹೊಸ_ಅಂಬಿಗ · ಎರಡು ವಾರದ ನಂತರ, ಶುಕ್ರವಾರ

ವಿಷಯ ತಿಳಿಸಬೇಕಿತ್ತು. ಬುಧವಾರ ಆಫೀಸಿನ ಟೆಸ್ಟ್ ಕ್ಲಸ್ಟರ್‌ಗೆ ಹಾಕಿದೆವು. ಸೆಕ್ಯುರಿಟಿಯವರು ಬೈಂಡ್ ಸಾಲಿನ ಮೇಲೆ ಬೆರಳಿಟ್ಟು ಇದು ಯಾಕೆ ಅಂದರು. ಬೀಗದ ಕೈ ಕಥೆ ಹೇಳಿದೆ, ರಿಸೋರ್ಸ್‌ನೇಮ್ಸ್ ತೋರಿಸಿದೆ, ಒಪ್ಪಿದರು. ಮೊದಲ ತಂಡಕ್ಕೆ ನೇಮ್‌ಸ್ಪೇಸ್ ಸಿಗಲು ಹನ್ನೊಂದು ಸೆಕೆಂಡ್ ಹಿಡಿಯಿತು.

ಹನ್ನೆರಡನೇ ಸೆಕೆಂಡ್‌ಗೆ ಅವರ ಮೆಸೇಜ್ ಬಂತು. ಸಿಪಿಯು 20 ಸಾಲಲ್ಲವಂತೆ.